ಉಡುಗೊರೆಯ ಅಧ್ಯಾಯ

ಮಾರ್ಚ್ ೧೨, ಬುಧವಾರ

ಪ್ರೀತಿಯ ಪುಟ್ಟಿಗೆ ಅಕ್ಕನ ನೆನಪುಗಳು.

ನಿನ್ನ ಮೂರು ಕಾಗದಗಳೂ ಕೈಸೇರಿವೆ. ಉತ್ತರ ಬರೆಯದೆ ಇಷ್ಟು ದಿನ ಕೂತದ್ದಕ್ಕೆ ಬೈಯಬೇಕೆನಿಸಿದರೆ ಬೈದುಬಿಡು. ಮೂರರ ಕೊನೆಯಲ್ಲೂ ಒಂದೇ ಪ್ರಶ್ನೆ ಕೇಳಿದ್ದೀಯ: "ನನ್ನ ಕಿಡ್ನಿ ನಿನ್ನೊಳಗೆ ಸುಮ್ನಿದೆಯೋ, ನನ್ನ ಹಾಗೇ ತಂಟೆ ಮಾಡ್ತಿದೆಯೋ?" ಹೇಳುತ್ತೇನೆ, ತಾಳು. ಮೊದಲು ಆಫೀಸಿನ ಸುದ್ದಿ ಕೇಳು.

ನಮ್ಮ ನಿಘಂಟಿನ ಆಫೀಸಿನಲ್ಲಿ ಈಗ ಇಂಗ್ಲಿಷ್ ಪದಗಳ ಹುಟ್ಟಿನ ಬಗ್ಗೆ ಒಂದು ಪುಸ್ತಕ ತಯಾರಾಗುತ್ತಿದೆ. ವಿಷಯಕ್ಕೊಂದು ಅಧ್ಯಾಯ. ಅಡುಗೆ, ಬಟ್ಟೆ, ಜಗಳ ಎಲ್ಲ ಬೇರೆಯವರ ಪಾಲಾಗಿ, ಉಡುಗೊರೆ ಮಾತ್ರ ನನ್ನ ಮೇಜಿಗೇ ಬರಬೇಕೇ? ಬ್ರೈಬ್ ಹುಟ್ಟಿದಾಗ ಲಂಚವಾಗಿರಲಿಲ್ಲವಂತೆ ಕಣೇ, ಭಿಕ್ಷುಕನಿಗೆ ಕೊಡುವ ರೊಟ್ಟಿಯ ಚೂರಂತೆ. ಬೂನ್ ಅಂದರೆ ಈಗ ವರ. ಮೊದಲು ಬರೀ ಬೇಡಿಕೆ. ಪ್ರೆಸೆಂಟ್ ಅಂದರೆ ಎದುರಿಗೆ ತಂದಿಡುವುದು. ಗಿಫ್ಟ್ ಒಂದು ಕಾಲಕ್ಕೆ ಹೆಣ್ಣಿಗೆ ತೆರುವ ಬೆಲೆಯಾಗಿತ್ತು. ಅದೇ ಪದಕ್ಕೆ ಜರ್ಮನ್ನಿನಲ್ಲಿ ಇವತ್ತಿಗೂ ವಿಷ ಎಂದು ಅರ್ಥ! ಅದನ್ನು ಓದಿ ಎದ್ದು ಕಿಟಕಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಪಕ್ಕದ ಮೇಜಿನ ಪ್ರೂಫ್ ನೋಡುವವರು, "ಒಂದು ಕಡೆ ಕೂತ್ಕೊಳ್ಳಿ ಮೇಡಂ, ನಿಮ್ಮನ್ನ ನೋಡೀನೇ ನನಗೆ ತಲೆ ಸುತ್ತುತ್ತಿದೆ" ಅಂದರು.

ನಮ್ಮಲ್ಲೊಂದು ಪದ್ಧತಿಯಿದೆ. ಪ್ರತಿ ಪದಕ್ಕೂ ಒಂದು ಉದಾಹರಣೆ ವಾಕ್ಯ ಬರೆದು ಎಲ್ಲರ ಮುಂದೆ ಗಟ್ಟಿಯಾಗಿ ಓದಬೇಕು. ಜನ ಹೀಗೆ ಮಾತಾಡುತ್ತಾರೆ ಎಂದು ಕೇಳಿದವರು ಒಪ್ಪಿದರೆ ಮಾತ್ರ ಅದು ಪುಸ್ತಕ ಸೇರುತ್ತದೆ. ಗಿಫ್ಟ್‌ಗೆ ನಾನು ಓದಿದ ವಾಕ್ಯ ಇದು: "ಅವಳು ಕೊಟ್ಟ ಉಡುಗೊರೆಯನ್ನು ಏನು ಮಾಡಿದೆ ಅಂತ ನನ್ನನ್ನು ಕೇಳಬೇಡಿ." ಸಂಪಾದಕರು ಕನ್ನಡಕ ತೆಗೆದು, "ಅಲ್ಲಮ್ಮಾ, ಇದು ಉದಾಹರಣೆಯೋ, ಜಗಳವೋ? ಮದುವೆಗೆ ಗೋಡೆ ಗಡಿಯಾರ ಕೊಟ್ರು ಅಂತ ಬರೀರಿ, ಸಾಕು" ಎಂದರು. ಹಾಗೇ ಬರೆದುಕೊಟ್ಟೆ.

ನಿನ್ನ ಹತ್ತಿರ ಈಜು ಕಲಿಯುವ ಹುಡುಗಿಯರು ಬಟ್ಟೆ ಬದಲಿಸುವಾಗ ನಿನ್ನ ಪಕ್ಕೆಯ ಗಾಯ ನೋಡಿ ಏನದು ಎಂದರೆ "ಮೊಸಳೆ ಕಚ್ಚಿತು" ಅನ್ನುತ್ತೀಯಂತೆ. ಆ ಮೊಸಳೆ ನಾನೇ ತಾನೇ? ನಗು ಬಂತು, ಆಮೇಲೆ ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಬೇಗ ದಣಿಯುತ್ತೀಯಾ? ನಿಜ ಬರಿ.

ಮನೆಯಲ್ಲಿ ನಿನ್ನ ಭಾವ ಚೆನ್ನಾಗಿದ್ದಾರೆ. ಹೊತ್ತುಹೊತ್ತಿಗೆ ಮಾತ್ರೆ ಕೈಗಿಟ್ಟು, ನುಂಗುವ ತನಕ ಎದುರಿಗೇ ನಿಂತಿರುತ್ತಾರೆ. ಡೋಸ್ ಅನ್ನುವ ಪದದ ಬೇರಿಗೂ ಕೊಡುವುದು ಎಂದೇ ಅರ್ಥ ಅಂದೆ. "ಹಾಗಾದ್ರೆ ನಾನೂ ನಿನ್ನ ತಂಗಿಯಷ್ಟೇ ದೊಡ್ಡ ದಾನಿ ಬಿಡು" ಎಂದು ನಗಿಸಲು ನೋಡಿದರು. ನಾನು ಎದ್ದು ಒಲೆ ಒರೆಸಲು ಹೋದೆ. ಅದನ್ನು ಆಗಲೇ ಒರೆಸಿಯಾಗಿತ್ತು.

ಆಪರೇಷನ್ನಿನ ದಿನ ನೀನು ಎಷ್ಟು ಜೋರು ಮಾಡಿದ್ದೆ! "ಥ್ಯಾಂಕ್ಸ್ ಗೀಂಕ್ಸ್ ಅಂದ್ರೆ ವಾಪಸ್ ಕಿತ್ಕೋತೀನಿ ನೋಡು" ಅಂದಿದ್ದೆ. ಅದಕ್ಕೇ ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಆದರೆ ಒಂದು ದಿನವೂ ನೆನೆಯದೆ ಇದ್ದಿಲ್ಲ, ಪುಟ್ಟಿ. ನೀನೆಂದರೆ ನನಗೆ ಪ್ರಾಣ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀರಿನಲ್ಲೇ ಇರುತ್ತೀಯ, ಕುಡಿಯುವುದನ್ನು ಮಾತ್ರ ಮರೆಯುತ್ತೀಯ, ಕುಡಿ. ನನ್ನ ಆಯಸ್ಸೂ ಸೇರಿ ನೀನು ತಣ್ಣಗೆ ಬಾಳು.

ನಿನ್ನ
ಅಕ್ಕ

ತಾ.ಕ.: ಮರೆತು ಇಲ್ಲಿ ಬರೆಯುತ್ತಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀನು ಕೊಟ್ಟದ್ದು ಕೆಲಸ ನಿಲ್ಲಿಸಿದೆ. ನನ್ನ ಮೈ ಅದನ್ನು ಒಪ್ಪಿಕೊಳ್ಳಲಿಲ್ಲವಂತೆ. ನಿನ್ನಾಣೆ, ಒಂದು ಮಾತ್ರೆಯನ್ನೂ ತಪ್ಪಿಸಿಲ್ಲ. ನಾಳೆಯಿಂದ ಮತ್ತೆ ಡಯಾಲಿಸಿಸ್. ಹೊಸ ಡಾಕ್ಟರು ಫೈಲಿನಿಂದ ತಲೆ ಎತ್ತದೆ, "ಮನೇಲಿ ಕೊಡೋರು ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು: "ಇದ್ದಾಳಲ್ಲ, ನನ್ನ ತಂಗಿ."