ಒಂದು ಬೆರಳಷ್ಟು ದಾರ

ಹುಚಿತಾನ್,
ಗುರುವಾರ, ಮಾರ್ಚ್ 12, 1987

ನನ್ನ ಮುದ್ದು ದೆಲಿಯಾ,

ಹೇಗಿದ್ದೀಯ ಮಗಳೇ? ಕೆಮ್ಮು ಕಡಿಮೆಯಾಯಿತೇ? ಸಲೀನಾ ಕ್ರೂಸ್‌ನ ಬಂದರು ಗಾಳಿ ನಿನ್ನ ಎದೆಗೆ ಆಗಿಬರುವುದಿಲ್ಲ ಎಂದು ಮೊದಲೇ ಹೇಳಿದ್ದೆ, ನೀನು ಕೇಳುವವಳಲ್ಲ. ಹೋಟೆಲಿನ ಹಾಸಿಗೆ ಬಟ್ಟೆಗಳಿಗೆ ದಿನವಿಡೀ ಇಸ್ತ್ರಿ ಹಾಕಿ ಹಾಕಿ ಕಾಲು ಊದಿಕೊಂಡಿದೆಯಂತೆ, ಪಕ್ಕದ ರೊಟ್ಟಿ ಮಳಿಗೆಯ ತೊಮಾಸಾ ನೋಡಿ ಬಂದು ಹೇಳಿದಳು. ಸಂಜೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರು. ಜೋಳದ ರೊಟ್ಟಿ ತಿಂದು ಎಷ್ಟು ದಿನವಾಯಿತೋ ಏನೋ, ಅಲ್ಲಿಯವರ ಬ್ರೆಡ್ಡು ಹೊಟ್ಟೆಗೆ ಹಿಡಿಯುವ ವಸ್ತುವಲ್ಲ. ನಾನು ಚೆನ್ನಾಗಿದ್ದೇನೆ, ಬಲ ಮಂಡಿಯೊಂದನ್ನು ಬಿಟ್ಟರೆ. ಈ ಹಾಳು ಬಡಗಣ ಗಾಳಿ ನಾಲ್ಕು ದಿನದಿಂದ ನಿಂತಿಲ್ಲ. ಇದನ್ನು ಬರೆಯಲು ಕೂತಾಗಿನಿಂದ ಮೂರು ಸಲ ಎದ್ದಿದ್ದೇನೆ. ಒಂದು ಸಲ ಬಾಗಿಲು ಭದ್ರ ಮಾಡಲು, ಒಂದು ಸಲ ಕೋಳಿ ಅಟ್ಟಲು, ಮೂರನೆಯ ಸಲ ಯಾಕೆ ಎದ್ದೆನೋ ನನಗೇ ಗೊತ್ತಿಲ್ಲ, ಅಂಗಳದ ತನಕ ಹೋಗಿ ಬಂದೆ.

ಒಂದು ಸುದ್ದಿ ಹೇಳುತ್ತೇನೆ, ನಗಬೇಡ. ನಾನು ಹೊಲಿಗೆ ಯಂತ್ರ ಕೊಂಡಿದ್ದೇನೆ. ಹೌದು, ನಾನೇ. ನಲವತ್ತು ವರ್ಷ ಮೀನು, ಒಣ ಸಿಗಡಿ ಮಾರಿದ ಒಬ್ದುಲಿಯಾ, ಗುಂಡಿ ಕಿತ್ತರೆ ಪಿನ್ನು ಚುಚ್ಚಿಕೊಂಡು ತಿರುಗುತ್ತಿದ್ದ ನಿನ್ನಮ್ಮ. ಮಾರುಕಟ್ಟೆಯಲ್ಲಿ ಈಗ ನನ್ನದೇ ಮಾತು. ಮೊನ್ನೆ ತೊಮಾಸಾ ಎಲ್ಲರಿಗೂ ಕೇಳುವ ಹಾಗೆ, "ಅಕ್ಕ, ಸಿಗಡಿಗೆಲ್ಲ ಲಂಗ ಹೊಲಿದು ಮಾರ್ತೀಯೇನೇ?" ಎಂದಳು. ನಿನ್ನ ರೊಟ್ಟಿಗೂ ಒಂದು ಹೊಲಿದು ಕೊಡುತ್ತೇನೆ, ಹರಿದ ಅಂಚಾದರೂ ಮುಚ್ಚುತ್ತದೆ ಎಂದೆ. ಮಂಡಿ ನೋವು, ಇನ್ನು ಕೂತು ಮಾಡುವ ಕೆಲಸ ಬೇಕು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ಅದು ಪೂರ್ತಿ ಸುಳ್ಳಲ್ಲ.

ಅಂಗಡಿಗೆ ಕಸಾಂದ್ರಾಳನ್ನು ಕರೆದುಕೊಂಡು ಹೋಗಿದ್ದೆ. ನಿನಗೆ ಹೊಲಿಗೆ ಕಲಿಸಿದವಳನ್ನು ಬಿಟ್ಟು ಇನ್ಯಾರನ್ನು ಕರೆಯಲಿ? ಅವಳು ಇನ್ನೂ ಹಾಗೇ ಇದ್ದಾಳೆ. ನುಣ್ಣಗೆ ಕ್ಷೌರ ಮಾಡಿದ ಗದ್ದಕ್ಕೆ ಪೌಡರು ಮೆತ್ತಿ, ಹೂವಿನ ಲಂಗ ಉಟ್ಟು, ಗಂಡಸಿನ ಹೆಜ್ಜೆ ಹಾಕಿಕೊಂಡು ಮುಂದೆ ಹೊರಟರೆ ಬೀದಿಯೇ ದಾರಿ ಬಿಡುತ್ತದೆ. ಅಂಗಡಿಯವನು ಹೊಳೆಯುವ ವಿದ್ಯುತ್ ಯಂತ್ರವೊಂದನ್ನು ಮುಂದಿಟ್ಟು, "ಅಮ್ಮಾ, ಇದು ಇಪ್ಪತ್ತನಾಲ್ಕು ಥರ ಹೊಲಿಯುತ್ತೆ, ಬಾತುಕೋಳಿ ಸಾಲು ಬೇಕಂದ್ರೂ ಹಾಕುತ್ತೆ" ಎಂದ. ಕಸಾಂದ್ರಾ ಸೊಂಟಕ್ಕೆ ಕೈಯಿಟ್ಟು, "ಮೊದ್ಲು ಇವಳಿಗೆ ನೆಟ್ಟಗೆ ಒಂದು ಗೆರೆ ಹೊಲಿಯೋಕೆ ಬರ್ಲಪ್ಪ. ಬಾತುಕೋಳಿ ಬೇಕಂದ್ರೆ ಮಾರ್ಕೆಟ್ಟಲ್ಲಿ ಜೀವ ಇರೋದೇ ಸಿಗುತ್ತೆ" ಎಂದಳು. ಆಮೇಲೆ ಮೂಲೆಯಲ್ಲಿದ್ದ ಕಾಲಲ್ಲಿ ತುಳಿಯುವ ಹಳೆಯ ಕಪ್ಪು ಯಂತ್ರದ ಮೇಲಿನ ಧೂಳು ಊದಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ಕಿವಿ ಕೊಟ್ಟು ಕೇಳಿದಳು. ತೆಳು ಮಲ್ಲು, ಮಖಮಲ್ಲು, ಗೋಣಿ, ಮೂರರ ಮೇಲೂ ಹೊಲಿದು ನೋಡಿ, ಬಟ್ಟೆ ಮಗುಚಿ ಕೆಳಗಿನ ಹೊಲಿಗೆಯ ಮೇಲೆ ಉಗುರು ಎಳೆದಳು. "ಇದೇ ಇರ್ಲಿ ಅಕ್ಕ. ಕಲಿಯೋರಿಗೆ ನಿಧಾನದ್ದೇ ಸರಿ. ಕರೆಂಟಿಂದು ನಿನ್ನ ಬೆರಳು ಹೊಲಿದ್ಮೇಲೆ ನಿಲ್ಲುತ್ತೆ. ಗಾಳಿ ಎದ್ರೆ ಕರೆಂಟೂ ಇರಲ್ಲ, ಹೊಲಿಗೇನೂ ಇರಲ್ಲ."

ಯಂತ್ರದ ಜೊತೆ ಒಂದು ತಗಡಿನ ಡಬ್ಬಿ, ಅದರ ತುಂಬ ಸೂಜಿಯ ಕೆಳಗೆ ಕಟ್ಟುವ ಪುಟ್ಟ ಪಾದಗಳು, ಹದಿನಾಲ್ಕು. ನನಗೆ ಎಲ್ಲವೂ ಬೇಕೆನಿಸಿತು. ಕಸಾಂದ್ರಾ ಮೂರನ್ನು ಮಾತ್ರ ಆರಿಸಿ ಕೈಗಿಟ್ಟಳು. ಅಂಚು ಮಡಚುವುದು, ಗೆರೆ ತಪ್ಪದಂತೆ ಹಿಡಿಯುವುದು, ಲಂಗದ ಕೆಳಗಿನ ಬಿಳಿ ಜಾಲರಿಗೆ ನೆರಿಗೆ ಹಾಕುವುದು. "ಹೊಸಬಳಿಗೆ ಹದಿನಾಲ್ಕು ಪಾದ ಕೊಟ್ರೆ ಇರೋ ಎರಡರಲ್ಲೂ ನಡೆಯೋದು ಮರೀತಾಳೆ" ಎಂದು ಉಳಿದದ್ದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು, ಕಳ್ಳಿ! ಅಂಚು ಮಡಚುವುದು ಈಗ ನನಗೆ ಬರುತ್ತದೆ. ನೆರಿಗೆ ಹಾಕುವುದು ಏಡಿಯ ಹಾಗೆ ಟಕಟಕ ಎಂದು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ, ನಿನ್ನೆ ನನ್ನ ಲಂಗದ ಅಂಚನ್ನೂ ಸೇರಿಸಿ ನೆರಿಗೆ ಹಾಕಿತು. ಐದು ಸೂಜಿ ಮುರಿದಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಮಂಡಿಯ ಮೇಲೆ ಹಾಕುತ್ತಿದ್ದೇನೆ.

ಆದರೆ ನಾನು ಅಂಗಡಿಗೆ ಹೋದದ್ದು ಆ ಯಂತ್ರಕ್ಕಾಗಿ ಅಲ್ಲ. ನನಗೆ ಬೇಕಾಗಿದ್ದದ್ದು ನೀನು ಮಾರಿ ಹೋದೆಯಲ್ಲ, ಅಂಥದ್ದು. ಒಂದೇ ದಾರದಲ್ಲಿ ಸರಪಳಿ ಹೊಲಿಗೆ ಹಾಕುವ ಯಂತ್ರ. ಕೇಳಿದ್ದಕ್ಕೆ ಕಸಾಂದ್ರಾ ಅಂಗಡಿ ಮುಂದೆಯೇ ಬೈದಳು. "ಎರಡು ದಾರದ್ದು ಗಂಡ ಹೆಂಡ್ತಿ ಇದ್ದ ಹಾಗೆ ಅಕ್ಕ, ಜಗಳ ಆಡ್ಕೊಂಡಾದ್ರೂ ಒಂದನ್ನೊಂದು ಹಿಡ್ಕೊಂಡಿರುತ್ತೆ. ಒಂದು ದಾರದ್ದು ತನ್ನನ್ನ ತಾನೇ ಹಿಡ್ಕೋಬೇಕು. ಅದು ಹೊಸಬರ ಕೈಗಲ್ಲ." ಬೇಕಾದರೆ ತನ್ನ ಮನೆಗೆ ಬಂದು ತನ್ನ ಯಂತ್ರದಲ್ಲಿ ಕೂತು ನೋಡು ಎಂದಳು. ಮಂಗಳವಾರ ಮಧ್ಯಾಹ್ನ ಹೋದೆ.

ಯಾಕೆ ಬೇಕಿತ್ತು ಎಂದು ನಿನಗೆ ಗೊತ್ತು. ಮೂರು ವರ್ಷದಿಂದ ನಾವಿಬ್ಬರೂ ಆ ಮಾತು ಎತ್ತಿಲ್ಲ, ಇಂದು ಎತ್ತುತ್ತೇನೆ. ಮೇ ಹಬ್ಬದ ಮರುದಿನ, ಹಬ್ಬದ ಪಾತ್ರೆ ತೊಳೆಯುವ ನೆಪದಲ್ಲಿ ಸೇರುವ ಕೂಟದ ಮಧ್ಯಾಹ್ನ, ಬಾಜಾ ಬಾರಿಸುತ್ತಿತ್ತು, ನೀನು ಎರಡು ತಿಂಗಳು ಕೂತು ಹೊಲಿದ ಮಖಮಲ್ಲಿನ ರವಿಕೆ ತೊಟ್ಟು ಎರ್ಮೆಲಿಂದಾ ಕುಣಿಯುತ್ತಿದ್ದಳು. ಹಬ್ಬದ ಯಜಮಾನಿ, ಊರೆಲ್ಲ ಅವಳನ್ನೇ ನೋಡುತ್ತಿತ್ತು. ಅವಳ ಚಿನ್ನದ ಕಾಸಿನ ಸರ ಎಲ್ಲಿಯೋ ಒಂದು ಎಳೆಗೆ ಸಿಕ್ಕಿತು. ಅವಳು ಎಳೆದಳು. ಹಳದಿ ಸರಪಳಿ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತ ಎದೆಯಿಂದ ಬೆನ್ನಿನ ತನಕ ಹೋಯಿತು, ನೆಲದ ಮೇಲೆ ಗುಡ್ಡೆ ಗುಡ್ಡೆ ರೇಷ್ಮೆ ದಾರ. ಎಲ್ಲರೂ ನಕ್ಕರು. ಆ ನಗು ನನ್ನ ಮೈಗೆ ಬೆಂಕಿ ಹಚ್ಚಿತು. ನಿನ್ನ ಪರ ನಿಲ್ಲಬೇಕಾದವಳು ನಾನು, ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದೆ, "ಕೊನೆ ಕಟ್ಟೋದು ಗೊತ್ತಿಲ್ದೋಳು ಊರಿಗೆ ಹೊಲಿಯೋಕೆ ಯಾಕೆ ಕೂತ್ಕೋತೀಯೇ!" ನೀನು ನನ್ನ ಕೈ ಹಿಡಿದು, "ಕಟ್ಟಿದ್ದೆ ಅಮ್ಮ, ಒಂದೊಂದೂ ಕಟ್ಟಿದ್ದೆ" ಎಂದೆ. ನಾನು ಕೈ ಕೊಡವಿಕೊಂಡೆ. ಆಮೇಲೆ ಒಬ್ಬರೂ ನಿನ್ನ ಬಳಿ ಬಟ್ಟೆ ತರಲಿಲ್ಲ. ತಾಯಿಯೇ ಹಾಗೆಂದ ಮೇಲೆ ಯಾರು ತರುತ್ತಾರೆ? ಇಪ್ಪತ್ತೆರಡು ವರ್ಷದ ಹುಡುಗಿ ಯಂತ್ರ ಮಾರಿ ಇಸ್ತ್ರಿ ಹಾಕಲು ಹೋದಳು. ಈ ಮೂರು ವರ್ಷ ಸಿಗಡಿ ಆರಿಸುವಾಗ, ರೊಟ್ಟಿ ಮುರಿಯುವಾಗ ಒಂದೇ ಯೋಚನೆ. ನನ್ನ ಮಗಳು ಸುಳ್ಳು ಹೇಳುವವಳಲ್ಲ. ಹಾಗಾದರೆ ಕಟ್ಟಿದ್ದು ಬಿಚ್ಚಿದ್ದು ಹೇಗೆ? ಅದನ್ನು ನನ್ನ ಕೈಯಲ್ಲೇ ಮಾಡಿ ನೋಡದೆ ಸಮಾಧಾನವಿಲ್ಲ ಎನಿಸಿತು.

ಮಂಗಳವಾರ ಕಸಾಂದ್ರಾ ನನ್ನ ಬಲಗೈಯನ್ನು ಮೇಜಿನ ಕೆಳಗಿನ ಹಿಡಿಕೆಯ ಮೇಲಿಟ್ಟು, ತನ್ನ ಕೈಯಿಂದ ಒತ್ತಿ ತಿರುಗಿಸಿದಳು. ಒಂದು ಗೇಣು ಸರಪಳಿ ಬಂತು, ಸೊಟ್ಟಗೆ, ಆದರೂ ಬಂತು. ಮಗು ಹೆತ್ತವಳ ಹಾಗೆ ಹಿಗ್ಗಿದೆ. ಆಮೇಲೆ ಕೊನೆ ಕಟ್ಟುವುದನ್ನು ತೋರಿಸಿದಳು. ಬಟ್ಟೆ ಮಗುಚಿ, ದಾರವನ್ನು ಕಡೆಯ ಕುಣಿಕೆಯೊಳಗೆ ತೂರಿಸಿ ಬಿಗಿದು, ಒಂದು ಬೆರಳಷ್ಟು ಬಾಲ ಹಾಗೇ ಬಿಟ್ಟಳು. ಅದನ್ನು ಕತ್ತರಿಸುವುದಿಲ್ಲವೇ, ಅಸಹ್ಯವಾಗಿ ಕಾಣುತ್ತದಲ್ಲ ಎಂದೆ. ಅವಳು ನಕ್ಕಳು. "ಆ ಬಾಲಾನೇ ಬೀಗ ಕಣಕ್ಕ. ರೇಷ್ಮೆ ಜಾರುತ್ತೆ. ಬುಡಕ್ಕೆ ಕತ್ತರಿಸಿದ್ರೆ ನಾಲ್ಕು ಹೆಜ್ಜೆ ಕುಣಿಯೋದ್ರೊಳಗೆ ಕುಣಿಕೆ ಬಿಚ್ಕೊಳ್ಳುತ್ತೆ. ದೆಲಿಯಾಗೆ ನಾನು ಮೊದಲ ದಿನ ಕಲಿಸಿದ್ದೇ ಅದು." ನಾನು ಎದ್ದುಬಿಟ್ಟೆ. ಒಲೆಯ ಮೇಲೆ ಹುರುಳಿ ಇಟ್ಟು ಬಂದಿದ್ದೇನೆ ಎಂದು ಹೇಳಿ ಬಂದೆ. ಒಲೆಯ ಮೇಲೆ ಏನೂ ಇರಲಿಲ್ಲ. ಅಂದಿನಿಂದ ಒಂದು ಕಡೆ ಕೂರಲಾಗುತ್ತಿಲ್ಲ. ನಿನ್ನೆ ಕೊಳ್ಳುವವಳೊಬ್ಬಳು, "ಯಾಕಕ್ಕ, ಸಿಗಡಿ ಮೀಸೆ ಹೀಗೆ ಅರ್ಧಂಬರ್ಧ ಕತ್ತರಿಸಿದೀಯ?" ಎಂದಳು, ಅವಳ ಮೇಲೆ ಸುಮ್ಮನೆ ರೇಗಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇರಲಿ, ಮತ್ತೆ ಕೋಳಿ ಒಳಗೆ ಬಂತು.

ಔಷಧಿ ತಪ್ಪಿಸಬೇಡ. ತೊಮಾಸಾಳ ಕೈಯಲ್ಲಿ ರೊಟ್ಟಿ, ಒಣ ಸಿಗಡಿ, ಒಂದು ತುಂಡು ಗಿಣ್ಣು ಕಳಿಸಿದ್ದೇನೆ, ಹೋಟೆಲಿನವರಿಗೆಲ್ಲ ಹಂಚಿ ಕೂರಬೇಡ. ಸಂತ ವಿಸೆಂತೆ ನಿನ್ನ ಎದೆಯನ್ನೂ ಕಾಲನ್ನೂ ಕಾಯಲಿ. ಕಸಾಂದ್ರಾ ನಿನ್ನ ಹಣೆಗೊಂದು ಮುತ್ತು ಕಳಿಸಿದ್ದಾಳೆ. ನನ್ನದು ಎರಡು.

ನಿನ್ನ ಅಮ್ಮ,
ಒಬ್ದುಲಿಯಾ

ಮರೆತ ಮಾತು: ಮರೆತಿಲ್ಲ, ಬರೆಯಲಾಗಲಿಲ್ಲ. ಬಸ್ಸು ಹನ್ನೆರಡಕ್ಕೆ, ತೊಮಾಸಾ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಕತ್ತರಿಸಿದ್ದು ನಾನು ದೆಲಿಯಾ. ರವಿಕೆ ಒಪ್ಪಿಸುವ ದಿನ ನೀನು ಸ್ನಾನಕ್ಕೆ ಹೋಗಿದ್ದಾಗ ಎರ್ಮೆಲಿಂದಾಳ ರವಿಕೆ ಮಡಚಿ ಕಟ್ಟುತ್ತಿದ್ದೆ. ಒಳಮೈಯಲ್ಲಿ ದಾರದ ಬಾಲಗಳು ಸಿಗಡಿ ಮೀಸೆಯ ಹಾಗೆ ಇಳಿಬಿದ್ದಿದ್ದವು. ನನ್ನ ಮಗಳ ಕೆಲಸ ಚೊಕ್ಕವಾಗಿ ಕಾಣಲಿ ಎಂದು ಸಿಗಡಿ ಕತ್ತರಿಯಿಂದ ಒಂದೊಂದನ್ನೇ ಬುಡಕ್ಕೆ ಕತ್ತರಿಸಿದೆ. ಮಾಡಿ ಮರೆತೂಬಿಟ್ಟೆ, ಮಂಗಳವಾರದ ತನಕ. ನೀನು ಕಟ್ಟಿದ್ದು ನಿಜ. ಇಂದು ಬೆಳಿಗ್ಗೆ ಮಾರುಕಟ್ಟೆಯ ನಡುವೆ ನಿಂತು ಎರ್ಮೆಲಿಂದಾಳಿಗೂ ಉಳಿದವರಿಗೂ ಕೂಗಿ ಹೇಳಿದ್ದೇನೆ. ತೊಮಾಸಾ ಬಾಯಿ ಬಿಡುವ ಮುಂಚೆ ನೀನು ಇದನ್ನು ಓದಬೇಕು, ಅದಕ್ಕೇ ಈ ಅವಸರ. ನಾನು ನಿನ್ನನ್ನು ಬೈದದ್ದು ಎಲ್ಲರೆದುರಿಗೆ. ಮನೆಯೊಳಗೆ ಸಮಾಧಾನ ಮಾಡಿಕೊಂಡರೆ ಅದು ತೀರುವುದಿಲ್ಲ, ನೀನೂ ಬಂದು ಎಲ್ಲರೆದುರಿಗೇ ನನ್ನನ್ನು ಬೈಯಬೇಕು. ಭಾನುವಾರ ಬಾ, ಬೆಳಿಗ್ಗೆ ಒಂಬತ್ತಕ್ಕೆಲ್ಲ ಮಾರುಕಟ್ಟೆ ತುಂಬಿರುತ್ತದೆ.