ಅಜ್ಜಿ ಹೇಳಿದ ಒಂದೇ ಸುಳ್ಳು

ನಮ್ಮ ಊರು ಯೆರೂಸಲೇಮ್ ಸುಟ್ಟ ಐದನೇ ವರ್ಷ. ಎಲೂಲ್ ತಿಂಗಳ ೩, ಸಂಜೆ

ಹಿಡಿದೆ, ಹೌದು. ಎಳೆಯಲಿಲ್ಲ. ನಾಲ್ಕು ಕೂದಲು ಕೈಗೆ ಬಂದರೆ ಅದು ಪೆದಾಯನ ಗಡ್ಡದ ತಪ್ಪು, ಚಿಕ್ಕಪ್ಪಾ! ಅಜ್ಜಿಯನ್ನು ಹಾಗೆ ಅಂದರೆ ಸುಮ್ಮನಿರಬೇಕಿತ್ತಾ?

ಈ ತಿಂಗಳಿಂದ ಮೇಲಿನ ಕೇರಿಯವರೂ ನಾವೂ ಒಂದೇ ಕಾಲುವೆಯ ಹೂಳೆತ್ತುತ್ತೇವೆ. ಅವರು ನಮಗಿಂತ ಮೊದಲೇ ಬಾಬೆಲಿಗೆ ಸೆರೆಯಾಗಿ ಬಂದವರು. ದೇವರಿಗೆ ಮೀಸಲಾದ ಏಳನೇ ದಿನ, ಕೆಲಸ ಮುಟ್ಟದ ಸಬ್ಬತ್, ಅವರಿಗೆ ನಮ್ಮದರ ಹಿಂದಿನ ದಿನ! ದಾರಿಯಲ್ಲಿ ಯಾರೋ ಒಂದು ದಿನ ತಪ್ಪಿದ್ದಾರೆ. ಮೇಸ್ತ್ರಿ ಅಂದ— ರಜೆ ಎಲ್ಲರಿಗೂ ಒಂದೇ ದಿನ. ಒಪ್ಪದಿದ್ದರೆ ಯಾರಿಗೂ ಇಲ್ಲ.

ಅಜ್ಜಿ ಸಭೆಗೆ ಹಗ್ಗ ತಂದಳು. ದಿನ ತಪ್ಪದಿರಲೆಂದು ಯೆರೂಸಲೇಮಿನಿಂದ ಇಲ್ಲಿಯವರೆಗೆ ಸಂಜೆಗೊಂದು ಗಂಟು ಹಾಕಿದ್ದಳು. ನಾಲ್ಕು ತಿಂಗಳು.

ಅವರ ಹಿರಿಯ ಪೆದಾಯ ನಕ್ಕ. "ಅಜ್ಜೀ, ಮೇಕೆ ಕಟ್ಟೋ ಹಗ್ಗದಲ್ಲಿ ದೇವ್ರ ದಿನಾನೂ ಕಟ್ಕೊಂಡ್ ಬಂದ್ರಾ? ಮಗ ಸತ್ತ ಸಂಜೆ ಗಂಟಿನ ನೆನಪಿತ್ತಾ?"

ಸತ್ತವನು ನನ್ನಪ್ಪ. ಬರುವ ದಾರಿಯಲ್ಲಿ, ಹಮಾತ್ ಊರಿನ ಹತ್ತಿರ. ಅದಕ್ಕೇ ಗಡ್ಡ ಹಿಡಿದೆ.

ಎಲೂಲ್ ೫

ಮತ್ತೆ ಸಭೆ. ಕೂಗಾಟ. ಅಜ್ಜಿ ಎದ್ದು ನಿಂತಳು. "ಆವತ್ತು ಗಂಟು ಕಟ್ಟಿಲ್ಲ ಅನ್ಸುತ್ತಪ್ಪಾ. ನಿಮ್ ದಿನಾನೇ ಸರಿ ಇರ್ಬೇಕು."

ಮುಗಿಯಿತು. ಎಲ್ಲರಿಗೂ ಮೇಲಿನ ಕೇರಿಯವರ ದಿನವೇ ರಜೆ.

ಮನೆಗೆ ಬಂದು ಕೇಳಿದೆ. "ನಿಜವಾಗ್ಲೂ ಬಿಟ್ಯಾ?"

"ಬಿಡ್ತೀನೇನೋ? ಅವನ ಕಣ್ಣು ಮುಚ್ಚಿ, ಅದೇ ಕೈಯಲ್ಲಿ ಕಟ್ದೆ."

"ಮತ್ಯಾಕೆ ಸುಳ್ಳು ಹೇಳ್ದೆ?!"

"ನಾನು ನನ್ನ ದಿನ ಹಿಡ್ಕೊಂಡು ಕೂತ್ರೆ, ನಾಳೆ ನಿನ್ನ ಮಕ್ಳಿಗೆ ಯಾವ ದಿನಾನೂ ಸಿಗಲ್ಲ ನೇರೀ. ಬಾಯ್ಬಿಟ್ರೆ ನನ್ನಾಣೆ."

ಇಂಥವಳು ಇನ್ನೊಬ್ಬಳಿಲ್ಲ. ಗೋಡೆಗೆ ಗುದ್ದಿದೆ. ಕೈ ಊದಿದೆ.

ಎಲೂಲ್ ೭, ಬೆಳಿಗ್ಗೆ

ಕೆಲಸಕ್ಕೆ ಹೋಗುವುದಿಲ್ಲ ಅಂದೆ. ಇವತ್ತೇ ನಿಜವಾದ ಸಬ್ಬತ್. ನನಗೆ ಗೊತ್ತು, ಅಜ್ಜಿಗೆ ಗೊತ್ತು. ಚಿಕ್ಕಪ್ಪ ಹೊರಗಿನಿಂದ ಕೂಗುತ್ತಿದ್ದಾನೆ— "ಮೈಗಳ್ಳ! ಶಾಲೆನೂ ಹಿಂಗೇ ಬಿಟ್ಟೆ!"

ಕೂಗಲಿ.

ಅಜ್ಜಿ ಸಬ್ಬತ್ ದಿನ ಒಂದು ಕಡ್ಡಿ ಎತ್ತಿದವಳಲ್ಲ, ಎಪ್ಪತ್ತು ವರ್ಷ. ಹೂಳಿನ ಬುಟ್ಟಿ ತಲೆಗಿಟ್ಟು ಹೊರಟೇಬಿಟ್ಟಳು. ಬೆನ್ನು ನೆಟ್ಟಗೆ. ರಾಣಿಯ ಹಾಗೆ.

ಕಿಟಕಿಯಿಂದ ಕಾಣುತ್ತಿದೆ. ಪೆದಾಯ ಅವಳ ಬುಟ್ಟಿಗೆ ಕೈ ಚಾಚಿದ್ದಾನೆ. "ಕೊಡಿ ಅಜ್ಜೀ, ನಾನು ಹೊರ್ತೀನಿ."

ಅವನಾ? ನಾನಿಲ್ಲಿ ಸತ್ತಿದ್ದೀನಾ? ಬಂದೆ, ಅಜ್ಜೀ. ಅವನಿಗೆ ಕೊಡಬೇಡ, ಬುಟ್ಟಿ ನಾನೇ ಹೊರುತ್ತೇನೆ—