ಗಾಡಿ ಮೂತಿ ಎತ್ತಿದಾಗ

ಆಸ್ಟಿನ್, ಸೆಪ್ಟೆಂಬರ್ 2003

ದೊಡ್ಡಕ್ಕನಿಗೆ ತಮ್ಮನ ನಮಸ್ಕಾರ.

ಇಲ್ಲಿ ಚಿಕ್ಕಕ್ಕ, ಭಾವ ಒಂದು ಚಕ್ರದ ಮನೆ ಕೊಂಡಿದ್ದಾರೆ. ಒಳಗೆ ಒಲೆ, ಮಂಚ ಎಲ್ಲ ಇದೆ. ಅದನ್ನು ಟ್ರಕ್ಕಿನ ಬಾಲಕ್ಕೆ ಕಟ್ಟುವುದಿಲ್ಲ. ಟ್ರಕ್ಕಿನ ಬೆನ್ನ ಮೇಲೆಯೇ ಅದು ಮೂತಿ ಊರಿ ನಿಲ್ಲುತ್ತದೆ. ಭಾವನ ಪಿಕಪ್ ಟ್ರಕ್ಕೋ ಚಿಕ್ಕದು. ನಿನ್ನೆ ಶುಗರ್ ಲ್ಯಾಂಡ್ ಎಂಬ ಊರಿನಿಂದ ಬರುವಾಗ, ಆಸ್ಟಿನ್ ಹತ್ತಿರದ ಏರಿನಲ್ಲಿ ಟ್ರಕ್ಕಿನ ಹಿಂಭಾಗ ಕುಸಿದು ಮೂತಿ ಆಕಾಶ ನೋಡಿತು. ನಾನು ಥಟ್ಟನೆ ಸೀಟಿನ ತುದಿಗೆ ಜರುಗಿ ಮುಂದಕ್ಕೆ ಬಗ್ಗಿದೆ. ಪಕ್ಕಕ್ಕೆ ನೋಡಿದರೆ ಚಿಕ್ಕಕ್ಕನೂ ಹಾಗೇ ಬಗ್ಗಿದ್ದಾಳೆ! ನಮ್ಮ ಎತ್ತಿನ ಗಾಡಿ ಹಿಂಭಾರವಾಗಿ ನೊಗ ಮೇಲೆದ್ದಾಗ, ಹಗ್ಗ ಹಿಡಿದ ನೀನು "ಮುಂದಕ್ ಬನ್ರೋ!" ಎಂದು ಬೈಯುತ್ತಿದ್ದೆಯಲ್ಲ, ಅದೇ ಅಭ್ಯಾಸ.

"ಯಾಕೆ, ಇಬ್ರಿಗೂ ವಾಂತಿ ಬರ್ತಾ ಇದ್ಯಾ?" ಎಂದರು ಭಾವ.

ಚಿಕ್ಕಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ದೊಡ್ಡಕ್ಕ ಇದ್ದಿದ್ರೆ ಜುಟ್ಟು ಹಿಡ್ದು ಮುಂದಕ್ಕೆ ಎಳೀತಿದ್ಲು ಕಣೋ," ಎಂದಳು.

ನಾನು ಬಂದ ದಿನದಿಂದ, ದೀಪಾವಳಿಗೆ ನನ್ನ ಜೊತೆ ಊರಿಗೆ ಬಾ ಎಂದು ಗೋಗರೆಯುತ್ತಿದ್ದೆ. ರಜೆ ಇಲ್ಲ ಎಂದು ಜಾರಿಕೊಳ್ಳುತ್ತಿದ್ದಳು. ಏರು ಮುಗಿದ ಮೇಲೆ ಅವಳೇ ಬಾಯಿಬಿಟ್ಟಳು: "ನಮ್ ಗಾಡಿ ಇನ್ನೂ ಇದ್ಯೇನೋ?"

ಇದೆ ಎಂದೆ. ಗಾಲಿ ಮುರಿದು ಹಿತ್ತಿಲಲ್ಲಿ ಬಿದ್ದಿದೆ ಎನ್ನಲು ನಾಲಿಗೆ ಏಳಲಿಲ್ಲ. ಇವತ್ತು ಬೆಳಿಗ್ಗೆ ಎದ್ದವಳೇ ಆಫೀಸಿಗೆ ಫೋನ್ ಮಾಡಿ ರಜೆ ಕೇಳಿದಳು, ಸಿಕ್ಕಿತು.

ನನ್ನ ಮಂಡಿನೋವು ಕಡಿಮೆಯಾಗಿದೆ. ಕಾಗದದಲ್ಲಿ ಜಾಗ ಮುಗಿಯಿತು ಅಕ್ಕ, ಇದು ತಲುಪಿದ ದಿನವೇ ಬಡಗಿಯನ್ನು ಕರೆಸು.

ನಿನ್ನ ತಮ್ಮ